ಬಿಗ್ ಬಾಸ್ ಮನಿಗೆ ನಿಮ್ಮನ್ನ ಕರದ್ರ ಎಷ್ಟ ವಾರ ಉಳೀತೀರಿ? (ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮಂದಿ ಬರ್ರಿ)

ಉಣಕಲ್_ಕೆರಿದಂಡಿ:
ಪ್ರಶ್ನೆ ಸರಳ ಐತ್ರಿ. ನಾಳೆ ಮುಂಜಾನಿ ಫೋನ್ ಬಂತು ಅಂತ ತಿಳ್ಕೋರಿ: “ನಿಮ್ಮನ್ನ ಬಿಗ್ ಬಾಸ್ ಮನಿಗೆ ಆರಿಸೇವಿ, ಬಟ್ಟಿ-ಬರಿ ತುಂಬ್ಕೊಂಡು ಬೆಂಗಳೂರಿಗೆ ಬರ್ರಿ.” ಒಳಗ ಫೋನ್ ಇಲ್ಲ, ಗಡಿಯಾರ ಇಲ್ಲ, ಪೇಪರ್ ಇಲ್ಲ. ಹಗಲು ಮಕ್ಕೊಳ್ಳಂಗಿಲ್ಲ, ಮೈಕ್ ಬಿಚ್ಚಂಗಿಲ್ಲ. ಗುರ್ತಿಲ್ಲದ ಹದಿನೈದು-ಹದಿನಾರು ಮಂದಿ ಕೂಡ ನೂರು ದಿನದ ಮ್ಯಾಲೆ ಇರಬೇಕು. ಹೋಗ್ತೀರೋ, ಇಲ್ಲೋ? ಹೋದ್ರ ಎಷ್ಟನೇ ವಾರಕ್ಕ ಹೊರಗ ಬೀಳ್ತೀರಿ? ಕಾರಣಾನೂ ಬರೀರಿ. ಸುಮ್ಮನ “ನಾನ ಗೆಲ್ತೇನಿ” ಅಂದ್ರ ನಡಿಯಂಗಿಲ್ಲ.

ನಂದು ಹೇಳ್ತೇನಿ. ಮೂರನೇ ವಾರ, ಅದೂ ಜಾಸ್ತಿ ಆತು. ಟಾಸ್ಕ್ ಗೀಸ್ಕ್ ಹೆಂಗರ ಮಾಡ್ತೇನಿ. ಕನ್ಫೆಶನ್ ರೂಮಿನ್ಯಾಗ ಕುಂತು, ಇವನ್ನ ಮನಿಯಿಂದ ಹೊರಗ ಹಾಕ್ರಿ ಅಂತ ಒಬ್ಬಾಂವನ ಹೆಸರು ಹೇಳಿ (ಅದಕ್ಕ ನಾಮಿನೇಟ್ ಅಂತಾರ), ಹೊರಗ ಬಂದು ಅವನ ಹೆಗಲ ಮ್ಯಾಲೆ ಕೈ ಹಾಕ್ಕೊಂಡು ಚಾ ಕುಡಿಯೂದು ನನ್ನ ಕಡೆ ಆಗಂಗಿಲ್ಲ. ನಮ್ಮ ಮಂದಿ ಏನಿದ್ರೂ ಮುಖಕ್ಕ ಹೇಳ್ತೀವಿ. ಹಿಂದ ಮಾತಾಡೂದು ನಮಗ ಬರಂಗಿಲ್ಲ.

ದುರ್ಗದಬೈಲ್_ಗಿರ್ಮಿಟ್:
ಹಿಂದ ಮಾತಾಡೂದು ಬರಂಗಿಲ್ಲಂತ! ಯಾವ ಓಣ್ಯಾಗ ಇರ್ತೀರಿ ಮಾರಾಯ್ರ? ನಮ್ಮ ಓಣಿಗೆ ಬಂದು ಒಂದ ತಾಸು ಕಟ್ಟಿ ಮ್ಯಾಲೆ ಕುಂದರ್ರಿ. ನಿಮ್ಮ ಮನಿ ಸುದ್ದಿ ನಿಮಗಿಂತ ಚಲೋ ಹೇಳ್ತಾರ.

ಕಟಕರೊಟ್ಟಿ_ಅಕ್ಕ:
ಖರೇ ಖರೇ. ನಮ್ಮ ಅತ್ತಿಯವರನ್ನ ಒಳಗ ಕಳಸಿದ್ರ ಬಿಗ್ ಬಾಸ್‌ಗ ಕ್ಯಾಮರಾ ಖರ್ಚು ಉಳೀತತಿ.

ಚಿಗರಿ_ಪ್ಯಾಸೆಂಜರ್:
ನಾನು ಒಂದನೇ ವಾರಕ್ಕ ಹೊರಗ. ಕಾರಣ ಗೊರಕಿ. ಎಲ್ಲಾರೂ ಸೇರಿ ಒಮ್ಮತದಿಂದ ನಾಮಿನೇಟ್ ಮಾಡ್ತಾರ. ಮನ್ಯಾಗ ಆಗಲೇ ಮಾಡ್ಯಾರ, ಹಾಲ್‌ನ್ಯಾಗ ಮಲಗತೇನಿ.

ಬ್ಯಾಡಗಿ_ಕಡ್ಡಿ:
ಹಾವೇರಿ ಮಂದಿ ಮುಂದ ಈ ಪ್ರಶ್ನೆ ಯಾಕ ಕೇಳ್ತೀರಿ? ನಾವು ಉತ್ತರ ಕೊಟ್ಟಾಗೈತಿ. ಸವಣೂರ ತಾಲೂಕ ಚಿಲ್ಲೂರ ಬಡ್ನಿಯ ಹನುಮಂತ ಲಮಾಣಿ 11ನೇ ಸೀಸನ್ ಗೆದ್ದು 2025ರ ಜನವರಿಯೊಳಗ ಟ್ರೋಫಿ ಎತ್ತಿದ. ಅದೂ ಮೊದಲ ದಿನದಿಂದ ಇದ್ದಾಂವ ಅಲ್ಲ, ನಡುವ ವೈಲ್ಡ್ ಕಾರ್ಡ್ ಮ್ಯಾಲೆ ಹೋದಾಂವ. 50 ಲಕ್ಷ ರೂಪಾಯಿ! ಕುರಿ ಕಾಯ್ಕೊಂಡಿದ್ದ ಹುಡುಗ ಗೆದ್ದಾನ, ನಿಮಗ ಮೂರ ವಾರ ಆಗಂಗಿಲ್ಲಂದ್ರ ಹೆಂಗ?

ಸಪ್ತಾಪುರ_ಬಾವಿ:
@ಬ್ಯಾಡಗಿ_ಕಡ್ಡಿ ಕುರಿ ಬಿಟ್ಟು ಸೀದಾ ಬಿಗ್ ಬಾಸ್ ಮನಿಗೆ ಹೋದ ಅನ್ನೂ ಹಂಗ ಹೇಳಬ್ಯಾಡ್ರಿ. ಅದಕ್ಕೂ ಮೊದಲ ಸರಿಗಮಪದಾಗ ಹಾಡಿ ರನ್ನರ್ ಅಪ್ ಆಗಿದ್ದ. ಊರೂರಿಗೆ ಅವನ ಮುಖ, ಅವನ ದನಿ ಗೊತ್ತಿತ್ತು. ನಾನು ನೀವು ಹೋದ್ರ ಬಾಜು ಅಂಗಡಿಯಾಂವ ಸುದ್ದಾ ವೋಟ್ ಹಾಕೂದು ಡೌಟ್.

ಬ್ಯಾಡಗಿ_ಕಡ್ಡಿ:
ಸರಿಗಮಪಕ್ಕ ಹೋಗೂಮುಂದ ಯಾರಿಗೆ ಗೊತ್ತಿತ್ತ್ರಿ ಮುಖ? ಎಲ್ಲರ ಒಂದ ಕಡೆ ಶುರು ಆಗಬೇಕಲ್ಲ.

ಬೆಂಗಳೂರಿಂದ_ಅಳಿಯ:
ನಾನು ನಿಮ್ಮ ಕಡೆಯವನಲ್ಲ, ಧಾರವಾಡದ ಅಳಿಯ. ಮಾತಾಡಬಹುದು ಅಂದ್ಕೊಳ್ತೀನಿ. ಹನುಮಂತ ಗೆದ್ದಿದ್ದು ಮುಗ್ಧತೆಯಿಂದ ಅಲ್ವಾ? ನಿಮ್ಮ ಕಡೆ ಜನ ಹಾಗೇ, ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ. ನಿಮ್ಮಲ್ಲಿ ಯಾರೇ ಹೋದ್ರೂ ಜನ ಇಷ್ಟಪಡ್ತಾರೆ ಅನ್ಸುತ್ತೆ.

ಬೆಟಗೇರಿ_ಮಗ್ಗ:
ಅಳಿಯಂದ್ರ, ಪ್ರೀತಿಯಿಂದ ಹೇಳೀರಿ ಅಂತ ಗೊತ್ತಾತು, ಕುಂದರ್ರಿ, ಚಾ ಕುಡೀರಿ. ಆದ್ರ ನನಗ ಸಿಟ್ಟು ಬರೂದ ಈ ಮಾತಿಗೆ.

ಲುಂಗಿ ಉಟ್ಟಾಂವ ಶ್ಯಾಣ್ಯಾ ಇರಬಾರದೇನ್ರಿ? ಆ ಮನ್ಯಾಗ ಯಾವಾಗ ಬಾಯಿ ತೆಗೀಬೇಕು, ಯಾವಾಗ ಸುಮ್ಮನ ಕುಂದರಬೇಕು ಅನ್ನೂದು ತಿಳದಾಂವನ ಕಡೀತನಕ ಉಳೀತಾನ. ನಾನು ನೋಡಿದಂಗ ಹನುಮಂತ ಅದನ್ನ ಭಾಳ ಲೆಕ್ಕಾಚಾರದಿಂದ ಮಾಡಿದ. ಅದನ್ನ ಬೆಂಗಳೂರಿನ ಒಬ್ಬ ನಟ ಮಾಡಿದ್ರ “ಮೈಂಡ್ ಗೇಮ್” ಅಂತೀರಿ, ಹಾವೇರಿ ಹುಡುಗ ಮಾಡಿದ್ರ “ಪಾಪ, ಮುಗ್ಧ.”

ನಮ್ಮ ಕಡೆಯವರಿಗೆ ಟೀವಿಯೊಳಗ ಇರೂದು ಎರಡ ಕುರ್ಚಿ. ಒಂದು ಮುಗ್ಧಂದು, ಇನ್ನೊಂದು ಜೋರ ಬಾಯಿ ಮಾಡಿ ನಗಸಾಂವಂದು. ಗದಗಿನ್ಯಾಗ ಕುಂತು ಸಾಫ್ಟ್‌ವೇರ್ ಬರಿಯೂ ಹುಡುಗ, ಕೋರ್ಟಿನ್ಯಾಗ ವಾದ ಮಾಡೂ ಹೆಣ್ಣಮಗಳು, ಇವರಿಗೆ ಕುರ್ಚಿ ಎಲ್ಲೈತಿ? ನಾನು ಹೋದೆ ಅಂತ ಇಟ್ಕೋರಿ. ಮೊದಲ ಶನಿವಾರ ನಾನು ಸೀರಿಯಸ್ಸಾಗಿ ಏನೋ ಹೇಳ್ತಿರ್ತೇನಿ, ಹಿಂದ “ಟೊಂಯ್” ಅಂತ ಮ್ಯೂಸಿಕ್ ಹಚ್ಚಿರ್ತಾರ. ನನ್ನ ಮಾತು ಕಾಮೆಡಿ ಆತು. ಹೊರಗ ಬರೂತನಕ ನನಗದು ಗೊತ್ತಾಗಂಗೂ ಇಲ್ಲ.

ಬೆಂಗಳೂರಿಂದ_ಅಳಿಯ:
ಆ “ಟೊಂಯ್” ವಿಷಯ ಒಪ್ಪಿದೆ. ಚಾ ಕುಡಿದೆ.

ಸಾಧನಕೇರಿ_ಸುಬ್ಬಿ:
ಬೆಟಗೇರಿಯವರು ಹೇಳಿದ್ದು ಅರ್ಧ ಖರೇ ಅದ. ಆದ್ರ ನಮ್ಮವರೂ ಕಡಿಮಿ ಇಲ್ಲ. ಟೀವಿಯೊಳಗ ನಮ್ಮ ಕಡೆ ಯಾರರ ಸಮಾಧಾನದಿಂದ ಮಾತಾಡಿದ್ರ “ಇಂವ ಏನ ಬೆಂಗಳೂರಾಂವ ಆಗ್ಯಾನ” ಅಂತ ನಾವ ಮೊದಲ ಆಡಿಕೊಳ್ತೀವಿ. ಚೀರಾಡಿದ್ರ ಮಾತ್ರ “ನಮ್ಮ ಹುಲಿ” ಅಂತೀವಿ. ಮ್ಯೂಸಿಕ್ ಹಚ್ಚಾಂವ ನಮ್ಮನ್ನ ನೋಡೇ ಹಚ್ಚತಾನ.

ಮದುವಿ_ವಿಡಿಯೋ_ಕಾಕಾ:
ನಾನು ಬಿಗ್ ಬಾಸ್‌ನ್ಯಾಗ ಕೆಲಸ ಮಾಡಿದಾಂವ ಅಲ್ಲ, ಶಿಗ್ಗಾವಿ-ಹುಬ್ಬಳ್ಳಿ ನಡುವ ಮದುವಿ ವಿಡಿಯೋ ಮಾಡಾಂವ. ಆದ್ರ ಎಡಿಟಿಂಗ್ ಅಂದ್ರ ಏನಂತ ಹೇಳ್ತೇನಿ, ಕೇಳ್ರಿ.

ಒಂದ ಮದುವ್ಯಾಗ ಹುಡುಗಿ ದೊಡ್ಡವ್ವ ಮುಂಜಾನಿ ಸುರಗಿ ಹೊತ್ತಿನ್ಯಾಗ ಆಕಳಿಸ್ಯಾಳ. ರಾತ್ರಿ ಎಲ್ಲಾ ಎದ್ದಾಕಿ, ಆಕಳಿಸಿದ್ಲು, ತಪ್ಪೇನು? ನಮ್ಮ ಎಡಿಟಿಂಗ್ ಹುಡುಗ ಆ ಶಾಟ್ ಎತ್ತಿ, ಮಧ್ಯಾಹ್ನ ಹುಡುಗನ ಅಪ್ಪ ಸ್ಟೇಜ್ ಮ್ಯಾಲೆ ಭಾಷಣ ಮಾಡೂ ಜಾಗಾದಾಗ ಇಟ್ಟಬಿಟ್ಟ. ಅವನ ತೆಲಿಯೊಳಗ ಏನೂ ಇರಲಿಲ್ಲ, ಎರಡ ಸೆಕೆಂಡ್ ಖಾಲಿ ಇತ್ತು, ತುಂಬಿದ. ಬೀಗರು ಪೆನ್‌ಡ್ರೈವ್ ಹಚ್ಚಿ ನೋಡ್ಯಾರ. ಬೀಗರು ಮಾತಾಡ್ತಾರ, ದೊಡ್ಡವ್ವ ಬಾಯಿ ತೆಗದು ಆಕಳಸ್ತಾಳ. ಮತ್ತ ಬೀಗರು, ಮತ್ತ ದೊಡ್ಡವ್ವ, ಕಣ್ಣಾಗ ನೀರು ಬ್ಯಾರೆ. ಎರಡೂ ಮನಿ ನಡುವ ಹೋಗಿ-ಬಂದು ಮಾಡೂದ ಬಂದ್ ಆತು. ನಾನು ರಾ ಫೂಟೇಜ್ ತಗೊಂಡು ಹೋಗಿ ಟೈಮ್ ತೋರಿಸಿದ ಮ್ಯಾಲೂ ಪೂರ್ತಿ ನಂಬಲಿಲ್ಲ.

ಅಲ್ಲಿ ಎರಡ ಕ್ಯಾಮರಾ ಇದ್ವು. ಬಿಗ್ ಬಾಸ್ ಮನ್ಯಾಗ ಮೂಲಿಮೂಲಿಗೆ ಅದಾವ, 24 ತಾಸು ಹೊಡಿತಾವ. ನೀವು ನೋಡೂದು ಒಂದ-ಒಂದೂವರಿ ತಾಸು. ನೀವು ಆರ ದಿನ ಒಳ್ಳೇವರಿದ್ದು ಏಳನೇ ದಿನ ಒಂದ ಸಲ ಕಣ್ಣು ಹೊರಳಿಸಿದ್ರಿ ಅಂದ್ರ ಆ ವಾರ ನೀವು ಕಣ್ಣು ಹೊರಳಿಸಿದಾಂವ. ಅದಕ್ಕ ನಾನು ಹೋಗಂಗಿಲ್ಲ, ಮುಗೀತು.

ಕಟಕರೊಟ್ಟಿ_ಅಕ್ಕ:
ಕಾಕಾ, ದೊಡ್ಡವ್ವನ ಕತಿ ಓದಿ ನಕ್ಕು ನಕ್ಕು ಸಾಕಾತು. ಈಗ ಮಾತಾಡ್ತಾರೇನು?

ಮದುವಿ_ವಿಡಿಯೋ_ಕಾಕಾ:
ಮೊಮ್ಮಗಾ ಹುಟ್ಟಿದ ಮ್ಯಾಲೆ ಮಾತಾಡ್ತಾರವ್ವ. ತೊಟ್ಟಲ ಕಾರ್ಯಕ್ರಮಕ್ಕ ವಿಡಿಯೋ ಬ್ಯಾರೆಯವರಿಗೆ ಕೊಟ್ರು.

ಚಿಗರಿ_ಪ್ಯಾಸೆಂಜರ್:
8ನೇ ಸೀಸನ್ ನೆನಪೈತೇನ್ರಿ? 2021ರಾಗ ಲಾಕ್‌ಡೌನ್ ಆಗಿ ಮೇ ತಿಂಗಳದಾಗ ಅರ್ಧಕ್ಕ ನಿಲ್ಲಿಸಿ ಎಲ್ಲಾರನ್ನೂ ಮನಿಗೆ ಕಳಿಸಿದ್ರು, ಜೂನ್‌ದಾಗ ಅವರನ್ನ ಮತ್ತ ಕರಕೊಂಡು ಬಂದು ಮುಂದುವರಿಸಿದ್ರು. ಆ ನಡುವ ಅವರು ಮನ್ಯಾಗ ಕುಂತು ತಮ್ಮ ಎಪಿಸೋಡ್ ತಾವ ನೋಡಿದ್ರು! ಯಾರು ತಮ್ಮ ಬೆನ್ನ ಹಿಂದ ಏನಂದಾರ, ಯಾವ ಮಾತಿಗೆ ಮಂದಿ ಬೈದಾರ, ಎಲ್ಲಾ ತಿಳಕೊಂಡು ಒಳಗ ಹೋದ್ರು. ನನಗ ಚಾನ್ಸ್ ಕೊಟ್ರ ಅಂಥಾ ಸೀಸನ್ ಬೇಕು. ಪ್ರಶ್ನೆಪತ್ರಿಕಿ ನೋಡಿ ಪರೀಕ್ಷೆ.

ಸಪ್ತಾಪುರ_ಬಾವಿ:
ಹೌದು, ಗೆದ್ದಾಂವ ಮಂಜು ಪಾವಗಡ.

ಲೆಕ್ಕದ_ಮಾಸ್ತರ:
50 ಲಕ್ಷ, 50 ಲಕ್ಷ ಅನ್ನಾಕತ್ತೀರಿ, ಕೈಗೆ ಬರೂದು ಎಷ್ಟು ಅಂತ ಯಾರೂ ಕೇಳವಲ್ರಿ. ಲಾಟರಿ, ಗೇಮ್ ಶೋ ಬಹುಮಾನಕ್ಕ ಸೀದಾ 30 ಪರ್ಸೆಂಟ್ ತೆರಿಗಿ. ನಿಮ್ಮ ಉಳಿದ ಆದಾಯ ಸೊನ್ನಿ ಇದ್ರೂ ಅಷ್ಟ. ಸಂಬಳಕ್ಕ ಸಿಗೂ ವಿನಾಯಿತಿ ಇದಕ್ಕ ಇಲ್ಲ. ಕೊಡೂ ಮುಂದನ 15 ಲಕ್ಷ ಟಿಡಿಎಸ್ ಅಂತ ಹಿಡಕೊಂಡು 35 ಕೊಡ್ತಾರ. ರಿಟರ್ನ್ ಹಾಕೂಮುಂದ ತೆರಿಗಿ ಮ್ಯಾಲೆ 4 ಪರ್ಸೆಂಟ್ ಸೆಸ್, ಅಂದ್ರ ಇನ್ನೂ 60 ಸಾವಿರ. ಉಳದದ್ದು 34 ಲಕ್ಷ 40 ಸಾವಿರ. ಅದರ ಮ್ಯಾಲೆ ಬ್ಯಾರೆ ಆದಾಯ ಇದ್ದು ಒಟ್ಟು 50 ಲಕ್ಷ ದಾಟ್ತಂದ್ರ ಸರ್‌ಚಾರ್ಜ್ ಸೈತ ಬೀಳ್ತತಿ.

ಆಮೇಲೆ ಬಳಗದವರು ಬರ್ತಾರ. ಆ ಲೆಕ್ಕ ನನಗ ಬರಂಗಿಲ್ಲ.

ದುರ್ಗದಬೈಲ್_ಗಿರ್ಮಿಟ್:
ಮಾಸ್ತರ, ನೀವು ಹೋಗ್ತೀರೇನು ಹೇಳ್ರಿ ಮೊದಲ.

ಲೆಕ್ಕದ_ಮಾಸ್ತರ:
ಸರ್ಕಾರಿ ಶಾಲಿ ನೌಕರಿ ಅಪ್ಪಾ. ಟೀವಿ, ಸಿನೆಮಾ ಅಂದ್ರ ಇಲಾಖೆ ಅನುಮತಿ ಬೇಕು. ಅರ್ಜಿ ಹಾಕಿದ್ರ ಅದು ಟೇಬಲ್ಲಿಂದ ಟೇಬಲ್ಲಿಗೆ ಹೋಗಿ ಬರೂದ್ರಾಗ ಸೀಸನ್ ಮುಗದಿರ್ತತಿ.

ಕೋಚಿಂಗ್_ಕ್ಲಾಸ್_ಕೃಷ್ಣಾ:
ಧಾರವಾಡದಾಗ ಪಿಎಸ್ಐ, ಕೆಎಎಸ್‌ಗ ಓದೂ ನಮಗ ಬಿಗ್ ಬಾಸ್ ಏನ ಹೊಸಾದಲ್ಲ. ಒಂದ ಸಣ್ಣ ರೂಮಿನ್ಯಾಗ ನಾಕ ಮಂದಿ, ಫೋನ್ ಸ್ವಿಚ್ ಆಫ್, ಬಾತ್‌ರೂಮಿಗೆ ಪಾಳಿ, ಊಟಕ್ಕ ಮೆಸ್. ಪ್ರಿಲಿಮ್ಸ್ ಅಂತ ಎಲಿಮಿನೇಶನ್, ಒಮ್ಮೊಮ್ಮೆ ಪರೀಕ್ಷಾನ ರದ್ದಾಗಿ ಮತ್ತ ಮೊದಲಿಂದ ಶುರು. ವ್ಯತ್ಯಾಸ ಇಷ್ಟ: ನಮ್ಮನ್ನ ಯಾರೂ ನೋಡಂಗಿಲ್ಲ, ಯಾರೂ ವೋಟ್ ಹಾಕಂಗಿಲ್ಲ.

ಉಣಕಲ್_ಕೆರಿದಂಡಿ:
ತಮ್ಮಾ, ಇದನ್ನ ಓದಿ ನಗಬೇಕೋ ಅಳಬೇಕೋ ತಿಳೀವಲ್ದು. ಚಲೋ ಓದು.

ಕಟಕರೊಟ್ಟಿ_ಅಕ್ಕ:
ಈಗ ನಾ ಹೇಳ್ತೇನಿ. ಭಾಳ ಯೋಚನಿ ಮಾಡೇನಿ ಇದರ ಬಗ್ಗೆ, ಪಾತ್ರಿ ತಿಕ್ಕೂಮುಂದ ಬ್ಯಾರೆ ಏನ ಕೆಲಸ ಇರ್ತತಿ ತೆಲಿಗೆ.

ನನಗ ಟಾಸ್ಕ್ ಹೆದರಿಕಿ ಇಲ್ಲ. ಜಗಳದ ಹೆದರಿಕಿ ಅಂತೂ ಇಲ್ಲೇ ಇಲ್ಲ. ನನ್ನ ಚಿಂತಿ ಅಡಗಿಮನಿ. ಒಳಗ ಹೋದ ಕೂಡ್ಲೇ ಕೇಳ್ತಾರ, “ಅಕ್ಕಾ, ನೀವು ಉತ್ತರ ಕರ್ನಾಟಕದವರಲ್ಲಾ, ರೊಟ್ಟಿ ಮಾಡ್ರಿ.” ಕೊಟ್ಟ ರೇಷನ್‌ದಾಗ ಜೋಳದ ಹಿಟ್ಟ ಇದ್ರ ಅಂತಾನ ಇಟ್ಕೋರಿ. ಎಸರು ಇಡಬೇಕು, ಹಿಟ್ಟು ಬಿಸಿ ಇದ್ದಾಗ ನಾದಬೇಕು, ಬಡೀಬೇಕು, ಮ್ಯಾಲೆ ನೀರು ಸವರಿ ತಿರುವಿ ಹಾಕಬೇಕು. ಹದಿನೈದು ಮಂದಿಗೆ ತೆಲಿಗೆ ಎರಡರಂತೆ ಮೂವತ್ತು ರೊಟ್ಟಿ. ಅದ್ರಾಗ ಇಬ್ಬರು ಡಯಟ್ ಅಂತಾರ, ಅವರ ಮೂರ ತಿಂತಾರ. ಮೊದಲ ದಿನ ಎಲ್ಲಾರೂ ಸುತ್ತ ನಿಂತು ಚಪ್ಪಾಳಿ ಹೊಡೀತಾರ, “ಸೂಪರ್ ಅಕ್ಕಾ.” ಮೂರನೇ ದಿನ ಅದು ನನ್ನ ಕೆಲಸ ಆಗಿರ್ತತಿ. ಹಾಸಿಗಿ ಮ್ಯಾಲೆ ಬಿದ್ದಕೊಂಡು ಕೇಳ್ತಾರ, “ಅಕ್ಕಾ, ಇನ್ನೂ ಆಗಿಲ್ಲೇನು?”

ಸೋಮವಾರ ನಾಮಿನೇಶನ್. ಅದ ರೊಟ್ಟಿ ತಿಂದ ಹುಡುಗ ಕುಂತು ಕಾರಣ ಕೊಡ್ತಾನ: “ಇವರು ಅಡುಗೆಮನೆ ಬಿಟ್ಟು ಹೊರಗೆ ಬರ್ತಿಲ್ಲ, ಇವರ ವ್ಯಕ್ತಿತ್ವ ಕಾಣಿಸ್ತಿಲ್ಲ.” ಎಷ್ಟ ಸೀಸನ್‌ದಾಗ ಎಷ್ಟ ಹೆಣ್ಣಮಕ್ಕಳಿಗೆ ಈ ಕಾರಣ ಕೊಟ್ಟಾರ ನೋಡ್ರಿ ಬೇಕಾದ್ರ. ಹೊರಗ ಬಂದ್ರ ಉಪವಾಸ ಬೀಳ್ತೀರಲ್ಲೋ ಭಾಡ್ಯಾಗೋಳ್ರ!

ಅದಕ್ಕ ನನ್ನ ಪ್ಲ್ಯಾನ್: ಒಳಗ ಹೋಗಿ ಅಡಗಿ ಬರಂಗಿಲ್ಲ ಅಂತ ಹೇಳೂದು. ನೂರು ದಿನ. ಅದಕ್ಕಿಂತ ದೊಡ್ಡ ಟಾಸ್ಕ್ ಯಾವುದೈತಿ?

ನೃಪತುಂಗಬೆಟ್ಟ_ಗಾಳಿ:
ಅಕ್ಕಾರ, ನಿಮಗ ನನ್ನ ವೋಟ್. ಮನಿಮಂದಿ ಎಲ್ಲಾರ ಫೋನಿಂದಾನೂ ಹಾಕಸ್ತೇನಿ.

ಸಾಧನಕೇರಿ_ಸುಬ್ಬಿ:
ಅಡಗಿ ಮಾಡದಿದ್ರ “ಸೋಮಾರಿ” ಅಂತ ನಾಮಿನೇಟ್ ಮಾಡ್ತಾರ ಅಕ್ಕಾ. ಗಂಡಸು ಮಾಡದಿದ್ರ “ಅಂವ ಟಾಸ್ಕ್ ಚಲೋ ಆಡ್ತಾನ” ಅಂತಾರ. ಮೊದಲ ಹನ್ನೊಂದ ಸೀಸನ್‌ದಾಗ ಗೆದ್ದ ಹೆಣ್ಣಮಗಳು ಒಬ್ಬಾಕಿ, 3ನೇ ಸೀಸನ್‌ದಾಗ ಶ್ರುತಿ. ಹತ್ತು ಗಂಡಸರು, ಒಬ್ಬಾಕಿ ಹೆಂಗಸು. ಶ್ರುತಿಯವರ ಹೆಸರು ಅದಕ್ಕೂ ಮೊದಲ ಎಷ್ಟ ದೊಡ್ಡದಿತ್ತು ಅಂತ ಬ್ಯಾರೆ ಹೇಳಬೇಕೇನು?

ಗಿಣಿಮೂತಿ:
ಹೆಣ್ಣಮಕ್ಕಳು ಬಂದು ಗಂಡಸರ ಕೂಡ ಜಗಳಾನ ಮಾಡ್ತಾರ, ಅದಕ್ಕ ಸೋಲ್ತಾರ.

ಸಾಧನಕೇರಿ_ಸುಬ್ಬಿ:
ಗಂಡಸರು ಒಳಗ ಪುರಾಣ ಪ್ರವಚನ ಮಾಡಿ ಗೆಲ್ತಾರೇನ್ರಿ?

ಗಿಣಿಮೂತಿ:
ಸುಮ್ಮನ ಹೇಳಿದೆ ಬಿಡ್ರಿ.

ನೃಪತುಂಗಬೆಟ್ಟ_ಗಾಳಿ:
ನಾನು ಹೋಗಾಕ ತಯಾರದೀನಿ, ನಮ್ಮವ್ವ ಒಲ್ಲೆ ಅಂತಾಳ. “ಕ್ಯಾಮರಾ ಮುಂದ ಮಲಗಿದಾಕಿಗೆ ಗಂಡ ಸಿಗಂಗಿಲ್ಲ” ಅಂದ್ಲು. ಅದಕ್ಕ ನಾನು, “ಕ್ಯಾಮರಾ ಇಲ್ದ ಮಲಗಿದಾಕಿಗೂ ಇನ್ನೂ ಸಿಕ್ಕಿಲ್ಲಲ್ಲ” ಅಂದೆ. ಒಂದ ದಿನ ಮಾತು ಬಿಟ್ಟಿದ್ಲು. ನಗಿ ಬಿಡ್ರಿ, ಕ್ಯಾಮರಾಕ್ಕ ನಾನೂ ಹೆದರಂಗಿಲ್ಲ. ಹೆದರೂದು ಕ್ಲಿಪ್ ಕೆಳಗಿನ ಕಮೆಂಟಿಗೆ. ಒಳಗ ಇದ್ದಾಕಿಗೆ ಅವು ಕಾಣಂಗಿಲ್ಲ, ಹೊರಗಿರೂ ಅವ್ವ, ತಮ್ಮ ಓದ್ತಿರ್ತಾರ. ನೂರು ದಿನ ನಾನು ಟಾಸ್ಕ್ ಆಡ್ತೇನಿ, ಬೈಸಿಕೊಳ್ಳೂದು ಅವರು.

ಬೆಟಗೇರಿ_ಮಗ್ಗ:
ಇದು ಖರೇ ಮಾತು. ಸ್ಪರ್ಧಿಯ ಮನಿಮಂದಿಗೆ ಯಾವ ಬಹುಮಾನಾನೂ ಇಲ್ಲ.

ಹಳೇ_ರೇಡಿಯೋ:
ಇದು ಕಲರ್ಸ್‌ನವರು ಶುರು ಮಾಡಿದ್ದಲ್ಲೇನು? ಮೊದಲಿಂದ ಅದರಾಗ ನೋಡಿದ ನೆನಪು.

ಸಪ್ತಾಪುರ_ಬಾವಿ:
ಅಲ್ರಿ. 2013ರಾಗ ಈಟೀವಿ ಕನ್ನಡ, ಗೆದ್ದಾಂವ ವಿಜಯ ರಾಘವೇಂದ್ರ. ಎರಡನೇದ್ದು ಸುವರ್ಣದಾಗ, ಅಕುಲ್ ಬಾಲಾಜಿ. ಮೂರನೇದ್ದರಿಂದ ಕಲರ್ಸ್. ಚಾನೆಲ್ ಬದಲಾದ್ರೂ ನಡಸಾಂವ ಸುದೀಪನ. ಮೂಲ ಅಂತೂ ನೆದರ್ಲ್ಯಾಂಡ್ಸ್‌ದ್ದು, 1999ರಾಗ ಅಲ್ಲೆ ಶುರು ಆತು. ಹಿಂದಿಗೆ 2006ರಾಗ ಬಂತು. ಇನ್ನೊಂದು ಮಜಾ ಅಂದ್ರ ಕನ್ನಡದ ಮೊದಲ ಎರಡೂ ಸೀಸನ್‌ದ ಮನಿ ಲೋಣಾವಳದಾಗಿತ್ತು, ಆಮೇಲೆ ಬಿಡದಿಗೆ ಬಂತು.

ದುರ್ಗದಬೈಲ್_ಗಿರ್ಮಿಟ್:
ಲೋಣಾವಳನಾ? ಹುಬ್ಬಳ್ಳಿಂದ ಮುಂಬೈ ಟ್ರೇನ್ ಹತ್ತಿದ್ರ ದಾರ್ಯಾಗ ಬರ್ತತಲ್ಲ! ಎಲಿಮಿನೇಟ್ ಆದ್ರ ರಾತ್ರಿ ಹತ್ತಿ ಮುಂಜಾನಿ ಮನಿ. ಬಿಡದಿಗೆ ಒಯ್ದು ನಮಗ ಅನ್ಯಾಯ ಮಾಡಿದ್ರು.

ಚಿಗರಿ_ಪ್ಯಾಸೆಂಜರ್:
ಇಳದ ಮ್ಯಾಲೆ ನಮ್ಮ ಪ್ಲಾಟ್‌ಫಾರ್ಮ್ ನಡೀಬೇಕಲ್ಲ ಮತ್ತ. 1507 ಮೀಟರ್. ಅದ ದೊಡ್ಡ ಟಾಸ್ಕ್.

ಗವಾಯಿ_ಶಿಷ್ಯ:
ಬಿಗ್ ಬಾಸ್ ಬಿಡ್ರಿ, ಹಾಡಿನ ಶೋಕ್ಕ ಆಡಿಷನ್ ಕೊಟ್ಟಾಂವ ನಾನು. ಚಾನೆಲ್ ಹೆಸರು ಬ್ಯಾಡ. ಹುಬ್ಬಳ್ಳಿಯೊಳಗ ಮುಂಜಾನಿಂದ ಪಾಳಿ ಹಚ್ಚಿ ನಿಂತು, ಎದಿಗೆ ನಂಬರ್ ಚೀಟಿ ಅಂಟಿಸಿಕೊಂಡು, ಮಧ್ಯಾಹ್ನದ ಮ್ಯಾಲೆ ಒಳಗ ಹೋದೆ. ಒಂದ ವಚನ ಹಾಡಿದೆ. ಅರ್ಧಕ್ಕ ತಡದು, “ಚೆನ್ನಾಗಿದೆ. ಮನೇಲಿ ಏನಾದ್ರೂ ಕಷ್ಟ ಇದೆಯಾ?” ಅಂದ್ರು.

ನಾನು, “ಇಲ್ರಿ, ಅಪ್ಪಾಂದು ಕಿರಾಣಿ ಅಂಗಡಿ ಐತಿ, ಚಲೋ ನಡದೈತಿ” ಅಂದೆ.

“ತಂದೆ ಹಾಡೋದಕ್ಕೆ ವಿರೋಧ ಮಾಡಿದ್ರಾ?”

“ಇಲ್ರಿ, ಹಾರ್ಮೋನಿಯಂ ಕೊಡಿಸಿದ್ದ ಅವರು.”

“ಸರಿ, ತಿಳಿಸ್ತೀವಿ.” ಇನ್ನೂ ತಿಳಿಸಾಕತ್ತಾರ.

ಭೀಮಸೇನ ಜೋಶಿಯವರು ಹುಟ್ಟಿದ ಸೀಮಿ ಇದು, ಗಂಗೂಬಾಯಿ ಹಾನಗಲ್ ಬಾಳಿದ ಊರು. ಪುಟ್ಟರಾಜ ಗವಾಯಿಗಳು ಗದಗಿನ ಆಶ್ರಮದಾಗ ಎಷ್ಟೋ ಅಂಧ ಮಕ್ಕಳಿಗೆ ಹಾಡು ಕಲಿಸಿ ಕೈಗೆ ಜೀವನ ಕೊಟ್ರು. ಅಂಥಾ ಕಡೆ ಬಂದು ಸ್ವರ ಕೇಳೂ ಮೊದಲ ಕಷ್ಟ ಕೇಳ್ತಾರ.

ಬ್ಯಾಡಗಿ_ಕಡ್ಡಿ:
ಕಷ್ಟ ಇದ್ದಾಂವ ಹೇಳಬಾರದೇನ್ರಿ ಹಂಗಾರ? ಕಷ್ಟದಿಂದ ಬಂದಾಂವಗ ಒಂದ ದಾರಿ ಸಿಗ್ತತಿ.

ಗವಾಯಿ_ಶಿಷ್ಯ:
ಹೇಳ್ಲಿ ಅಣ್ಣಾರ, ಬ್ಯಾಡ ಅನ್ನಂಗಿಲ್ಲ. ನನಗ ಅರ್ಥ ಆಗವಲ್ದ್ದು, ಕಷ್ಟ ಇಲ್ದಾಂವ ಹಾಡಬಾರದೇನು?

ಬೆಂಗಳೂರಿಂದ_ಅಳಿಯ:
ನನ್ನ ಹೆಂಡತಿ ಓದಿ ಕೇಳ್ತಿದಾಳೆ: ಒಳಗೆ ಹೋಗುವಾಗ ಫೇಡೆ, ಶೇಂಗಾ ಚಟ್ನಿ ತಗೊಂಡು ಹೋಗಬಹುದಾ ಅಂತ.

ಕಟಕರೊಟ್ಟಿ_ಅಕ್ಕ:
ಊಟದ ಸಾಮಾನು ಅವರ ಕೊಟ್ಟಿದ್ದ, ಅದೂ ಅಳತಿ ಮ್ಯಾಲೆ. ಲಕ್ಷುರಿ ಬಜೆಟ್ ಗೆದ್ರ ಏನರ ಹೆಚ್ಚಿಗಿ ಸಿಗ್ತತಿ. ತಂಗೀಗೆ ಹೇಳ್ರಿ, ಶೇಂಗಾ ಚಟ್ನಿ ಇಲ್ದ ನಾನೂ ಎರಡನೇ ವಾರಕ್ಕ ಅಳಾಕ ಶುರು ಮಾಡ್ತೇನಿ, ಅವರು ಅದಕ್ಕ ಪಿಟೀಲು ಮ್ಯೂಸಿಕ್ ಹಚ್ತಾರ.

ಬೆಟಗೇರಿ_ಮಗ್ಗ:
ಮಿರ್ಚಿ ಭಜಿ ಇಲ್ದ ನಾನು ಎರಡನೇ ದಿನಾನ ಗ್ವಾಡಿ ಹಾರ್ತೇನಿ. ಗದಗಿನ ಭಜಿ ಮತ್ತ, ಹುಬ್ಬಳ್ಳಿದಲ್ಲ.

ದುರ್ಗದಬೈಲ್_ಗಿರ್ಮಿಟ್:
ಶುರು ಆತು ನೋಡ್ರಿ. ಹುಬ್ಬಳ್ಳಿ ಭಜಿಗೆ ಏನಾಗೇತಿ?

ಬೆಟಗೇರಿ_ಮಗ್ಗ:
ಏನೂ ಆಗಿಲ್ಲ, ಅದ ತಕರಾರು.

ಉಣಕಲ್_ಕೆರಿದಂಡಿ:
ಭಜಿ ಜಗಳಕ್ಕ ಬ್ಯಾರೆ ಚರ್ಚೆ ತೆಗೀರಿ ಮಾರಾಯ್ರ. ಇಲ್ಲೀತನಕ ಲೆಕ್ಕ ಹಾಕಿದ್ರ ಹೋಗಾಕ ತಯಾರಿದ್ದಾವರು ಅಕ್ಕಾರು, ನೃಪತುಂಗಬೆಟ್ಟ, ಗೊರಕಿಯವರು. ಬ್ಯಾಡಗಿಯವರು ಹೋಗ್ತಾರೋ ಇಲ್ಲೋ ಹೇಳೇ ಇಲ್ಲ, ಬರೇ ಹನುಮಂತನ ಹೆಸರು ಹೇಳಿ ಕುಂತಾರ.

ಬ್ಯಾಡಗಿ_ಕಡ್ಡಿ:
ಮೆಣಸಿನಕಾಯಿ ಹಂಗಾಮ ಮುಗೀಲಿ, ನೋಡೂಣು.

ಕಟಕರೊಟ್ಟಿ_ಅಕ್ಕ:
ಅಂದಂಗ, ಆಡಿಷನ್‌ಗ ಹೆಸರು ಹೆಂಗ ಕೊಡೂದು ಯಾರಿಗರ ಗೊತ್ತೇನು? ನನಗಲ್ಲ, ನಮ್ಮ ನೆಗೆಣ್ಣಿ ಹೆಸರು ಕೊಡೂದೈತಿ. ನೂರು ದಿನ ಆಕಿ ಅಲ್ಲಿದ್ರ ಇಲ್ಲೆ ಎಲ್ಲಾರಿಗೂ ಚಲೋ.

ಸಾಧನಕೇರಿ_ಸುಬ್ಬಿ:
ನಿಮ್ಮ ನೆಗೆಣ್ಣಿ ಈ ಗ್ರೂಪಿನ್ಯಾಗ ಇಲ್ಲ ಹೌದಲ್ಲೋ?

ನೃಪತುಂಗಬೆಟ್ಟ_ಗಾಳಿ:
ಅಕ್ಕಾರ? ಅಕ್ಕಾರ, ಆನ್‌ಲೈನ್ ಅದೀರೇನು?